ಮುಂದಿನ ಸಾಲಿನ ಹೆಂಗಸರು

ಶುಕ್ರವಾರ ಮಧ್ಯಾಹ್ನ ಅತ್ತಿಗೆ ಫೋನ್ ಮಾಡಿದಾಗ ನಾನು ಹೆಬ್ಬಾಳದ ನಮ್ಮ ಆಸ್ಪತ್ರೆಯ ಡ್ಯೂಟಿ ರೂಮಿನಲ್ಲಿ ಕೂತು ಚಿತ್ರಾನ್ನ ತಿನ್ನುತ್ತಾ ಮಾರನೆಯ ದಿನದ ಮ್ಯಾಚಿನ ಬಗ್ಗೆ ಯೋಚಿಸುತ್ತಿದ್ದೆ. ಮಹಿಳೆಯರ ರಗ್ಬಿ ವಿಶ್ವಕಪ್ಪಿನ ಫೈನಲ್. ಒಂದು ಕಡೆ ಇಂಗ್ಲೆಂಡ್, ಇನ್ನೊಂದು ಕಡೆ ಕೆನಡಾ. ನಾನು ಕೆನಡಾ ಕಡೆ. ನಾನು ಆ ದೇಶ ನೋಡಿಲ್ಲ, ಅಲ್ಲಿ ನಮ್ಮವರು ಅಂತ ಯಾರೂ ಇಲ್ಲ. ಆದರೂ ಒಂದು ವಾರದಿಂದ ನನಗೆ ಅವರದ್ದೇ ಚಿಂತೆ. ಡ್ರಿಪ್ ಹಾಕುವಾಗ, ಬಸ್ಸಿಗೆ ಕಾಯುವಾಗ, ರಾತ್ರಿ ಅನ್ನಕ್ಕೆ ಇಡುವಾಗ, ಎಲ್ಲಾ ಹೊತ್ತಿನಲ್ಲೂ ಅದೇ.

"ನಾಳೆ ಬರ್ತೀಯಲ್ಲ?" ಅಂದರು ಅತ್ತಿಗೆ.

ನಮ್ಮಣ್ಣನಿಗೆ ಒಬ್ಬಳೇ ಮಗಳು. ಶನಿವಾರ ಸಂಜೆ ಐದಕ್ಕೆ ಅವಳನ್ನು ನೋಡಲು ಗಂಡಿನ ಕಡೆಯವರು ಬ್ಯಾಟರಾಯನಪುರದ ಅವರ ಮನೆಗೆ ಬರುವವರಿದ್ದರು. ಹದಿನೈದು ದಿನದಿಂದ ಇದೇ ಮಾತು ನಡೆದಿತ್ತು.

"ಬರ್ದೇ ಇರ್ತೀನಾ ಅತ್ತಿಗೆ? ನಾಲ್ಕಕ್ಕೇ ಬಂದು ಕೇಸರಿಬಾತ್ ಮಾಡ್ಕೊಡ್ತೀನಿ."

ಆ ಕಡೆ ಮಿಕ್ಸಿ ತಿರುಗುತ್ತಿತ್ತು. ಅದು ನಿಂತಿತು.

"ಹಲೋ? ಅತ್ತಿಗೆ?"

"ಅಲ್ಲ ಕಣಮ್ಮ, ನೀನು ಊಟದ ಹೊತ್ತಿಗೆ ಬಂದ್ರೆ ಸಾಕು. ಎಂಟು ಗಂಟೆ ಹಂಗೆ. ಅಷ್ಟೊತ್ತಿಗೆ ಅವ್ರು ಹೊರಟಿರ್ತಾರೆ."

"ಯಾಕೆ?"

"ತಪ್ಪು ತಿಳ್ಕೋಬೇಡ. ಹುಡುಗನ ಕಡೆಯವ್ರು ಎಲ್ಲಾ ಸಣ್ಣಸಣ್ಣಕ್ಕಿದ್ದಾರೆ. ನಮ್ಮವಳು ಬೇರೆ ನಿನ್ ಥರಾನೇ. ನಿನ್ನ ನೋಡಿದ್ರೆ, ಮುಂದೆ ಇವಳೂ ಹಿಂಗೇ ಆಗ್ತಾಳೇನೋ ಅಂತ ಅನ್ಕೋತಾರೆ ಅಂತ. ಅಷ್ಟೇ."

"ಆಯ್ತು ಅತ್ತಿಗೆ" ಅಂದು ಫೋನ್ ಇಟ್ಟೆ. ಹಿಂದೆಲ್ಲಾ ಇಂಥ ಮಾತು ಕೇಳಿದ ಮೇಲೆ ಡಬ್ಬಿಗೆ ಮುಚ್ಚಳ ಹಾಕಿಬಿಡುತ್ತಿದ್ದೆ. ಅವತ್ತು ಹಾಕಲಿಲ್ಲ. ತಳದಲ್ಲಿದ್ದ ಕಡಲೇಕಾಯಿ ಬೀಜವನ್ನೂ ಬಿಡದೆ ತಿಂದು, ಕೈ ತೊಳೆದುಕೊಂಡು ವಾರ್ಡಿಗೆ ಹೋದೆ.

ನಾನು ದಪ್ಪ. ಎಷ್ಟು ದಪ್ಪ ಅಂತ ಇಲ್ಲಿ ಬರೆಯುವುದಿಲ್ಲ. ನೋಡಿದವರಿಗೆಲ್ಲಾ ಗೊತ್ತಾಗುತ್ತದೆ, ಗೊತ್ತಾದವರು ನನಗೆ ಹೇಳದೆ ಬಿಡುವುದಿಲ್ಲ. ನಮ್ಮಪ್ಪನೂ ಹೀಗೇ ಇದ್ದರು, ಅಪ್ಪನ ತಾಯಿಯೂ ಹೀಗೇ. ಅಲ್ಲಾಳಸಂದ್ರದಲ್ಲಿ ನಮ್ಮದು ಹಳೇ ಮನೆತನ, ಊರು ಇನ್ನೂ ಊರಾಗಿದ್ದ ಕಾಲದ್ದು. ಆಗ ಅಜ್ಜಿ ಒಬ್ಬಳೇ ರಾಗಿ ಮೂಟೆ ಎತ್ತುತ್ತಿದ್ದಳು ಅಂತ ಇವತ್ತಿಗೂ ಹೆಮ್ಮೆಯಿಂದ ಹೇಳುತ್ತಾರೆ. ಹೇಳಿದವರೇ ನನ್ನ ಕಡೆ ತಿರುಗಿ, "ನೀನು ಅನ್ನ ಬಿಟ್ಟು ಚಪಾತಿ ತಿನ್ನಮ್ಮ" ಅನ್ನುತ್ತಾರೆ.

ನನ್ನನ್ನು ನೋಡಲು ಬರುತ್ತಿದ್ದ ಕಾಲದಲ್ಲಿ ಅಮ್ಮ ಒಂದು ಉಪಾಯ ಮಾಡಿದ್ದಳು. ಹುಡುಗಿ ಒಳಗಿನಿಂದ ಕಾಫಿ ತಟ್ಟೆ ಹಿಡಿದು ಬರುವುದು ಎಲ್ಲಾ ಕಡೆ ಪದ್ಧತಿ. ನಮ್ಮ ಮನೆಯಲ್ಲಿ ಮಾತ್ರ ಅವರು ಬರುವುದಕ್ಕೆ ಮುಂಚೆಯೇ ನನ್ನನ್ನು ಕಿಟಕಿ ಪಕ್ಕದ ಕುರ್ಚಿಯಲ್ಲಿ ಕೂರಿಸಿ, ಸೆರಗು ಹರಡಿ, ಮಡಿಲ ಮೇಲೆ ಕೈ ಜೋಡಿಸಿಡಲು ಹೇಳಿ, ಕಾಫಿಯನ್ನು ಪಕ್ಕದ ಮನೆಯವಳ ಕೈಲಿ ತರಿಸುತ್ತಿದ್ದಳು. "ನಡ್ಕೊಂಡ್ ಬಂದ್ರೆ ತಾನೇ ಗೊತ್ತಾಗೋದು" ಅಂತ ಅವಳ ಲೆಕ್ಕ. ಆದರೆ ಬಂದವರಲ್ಲಿ ಒಬ್ಬರಾದರೂ "ಸ್ವಲ್ಪ ಎದ್ದು ನಿಂತ್ಕೊಳಮ್ಮ" ಅನ್ನುತ್ತಿದ್ದರು. ನಾನು ಎದ್ದು ನಿಲ್ಲುತ್ತಿದ್ದೆ. ಅವರು ಕಾಫಿ ಕುಡಿದು ಹೋಗುತ್ತಿದ್ದರು.

ಕೊನೆಗೆ ನಮ್ಮ ಯಜಮಾನರು ಬಂದರು. ಸಣಕಲು ಮನುಷ್ಯ. "ನೀವು ನರ್ಸಂತೆ. ರಕ್ತ ನೋಡಿದ್ರೆ ನಂಗೆ ತಲೆ ಸುತ್ತತ್ತೆ" ಅಂದರು. ಇಷ್ಟೇ ಮಾತು. ಮದುವೆಯಾಯಿತು. ಯಶವಂತಪುರದಲ್ಲಿ ಟೈರ್ ಅಂಗಡಿಯಲ್ಲಿ ಕೆಲಸ ಅವರಿಗೆ. ಒಳ್ಳೆಯವರು. ಆದರೆ ನಾನು ಸ್ಕೂಟರ್ ಹತ್ತಿದಾಗಲೆಲ್ಲಾ ಹಿಂದಿನ ಟೈರಿನ ಬಗ್ಗೆ ಒಂದು ಜೋಕ್ ಹೇಳುತ್ತಾರೆ. ಇಪ್ಪತ್ತು ವರ್ಷದಿಂದ ಹೇಳುತ್ತಿದ್ದಾರೆ. ಹೈದರಾಬಾದಿನ ಹಾಸ್ಟೆಲಿನಲ್ಲಿರುವ ನಮ್ಮ ಮಗನಿಗೂ ಅವೆಲ್ಲಾ ಬಾಯಿಪಾಠ.

ಆಸ್ಪತ್ರೆಯಲ್ಲಿ ನಾನು ಮೂಳೆ ವಾರ್ಡಿನ ನರ್ಸು. ಅಲ್ಲಿ ನನ್ನ ಮೈ ಎಲ್ಲರಿಗೂ ಬೇಕು. ತೊಡೆ ಮೂಳೆ ಮುರಿದವರನ್ನು ಸ್ಟ್ರೆಚರಿನಿಂದ ಮಂಚಕ್ಕೆ ಹಾಕಬೇಕಾದರೆ "ಅಕ್ಕನ್ನ ಕರೀರಿ" ಅನ್ನುತ್ತಾರೆ. ಕೆಲಸ ಮುಗಿದ ಮೇಲೆ ಕ್ಯಾಂಟೀನಿನಲ್ಲಿ ಅದೇ ಜನ ನನ್ನ ತಟ್ಟೆಯ ಕಡೆ ನೋಡುತ್ತಾರೆ.

ಯುಗಾದಿ ಕಳೆದ ಮೇಲೆ ನಮ್ಮ ವಾರ್ಡಿಗೆ ಆರ್.ಟಿ. ನಗರದ ಒಬ್ಬ ಕಾಲೇಜು ಹುಡುಗಿ ಬಂದು ಸೇರಿದಳು. ಬಲಭುಜದ ಕೀಲು ತಪ್ಪಿ ಆಪರೇಷನ್ ಆಗಿತ್ತು. ಜೊತೆಯಲ್ಲಿ ಅವಳ ಅಮ್ಮಿ. ಮೊದಲ ದಿನವೇ ನನ್ನ ಕೈ ಹಿಡಿದುಕೊಂಡು ಶುರು ಮಾಡಿದರು.

"ನೋಡಿ ಸಿಸ್ಟರ್, ಹೆಣ್ ಹುಡ್ಗಿ ಆಡೋ ಆಟಾನಾ ಇದು? ಇವತ್ತು ಭುಜ, ನಾಳೆ ಕಾಲು. ಯಾರ್ ಮಾಡ್ಕೋತಾರೆ ಇವ್ಳನ್ನ?"

"ಅಮ್ಮಿ, ಚುಪ್" ಅಂದಳು ಹುಡುಗಿ ಮಲಗಿದಲ್ಲಿಂದಲೇ.

"ನೀನು ಚುಪ್" ಅಂದರು ಅಮ್ಮಿ. ಆದರೆ ಆಟದ ಬಟ್ಟೆಯ ಕೆಸರು ಹೋಗಲು ಯಾವ ಸೋಪು ಒಳ್ಳೆಯದು ಅಂತ ಪಕ್ಕದ ಮಂಚದವರಿಗೆ ಹೇಳಿಕೊಡುತ್ತಿದ್ದವರೂ ಅವರೇ. ಮಗಳ ಬಟ್ಟೆಯನ್ನು ಬೇರೆ ಯಾರಿಗೂ ಒಗೆಯಲು ಬಿಡುತ್ತಿರಲಿಲ್ಲವಂತೆ.

ಆಟ ಯಾವುದು ಅಂತ ಕೇಳಿದೆ. ರಗ್ಬಿ ಅಂದಳು. ನನಗೆ ಹೆಸರು ಗೊತ್ತಿತ್ತು, ಅಷ್ಟೇ. ಮೊಟ್ಟೆಯಂಥ ಚೆಂಡು, ಗಂಡಸರು ಒಬ್ಬರ ಮೇಲೊಬ್ಬರು ಬೀಳುತ್ತಾರೆ ಅಂತ ಯಾವುದೋ ಜಾಹೀರಾತಿನಲ್ಲಿ ನೋಡಿದ್ದೆ. ಒಂದು ದಿನ ನಾನು ಡ್ರೆಸಿಂಗ್ ಬದಲಾಯಿಸುವಾಗ ಅವಳು ಎಡಗೈಯಲ್ಲಿ ಫೋನ್ ಹಿಡಿದು ಹಳೆಯ ಮ್ಯಾಚ್ ನೋಡುತ್ತಿದ್ದಳು. ಕೆಂಪು ಬಟ್ಟೆಯ ಹೆಂಗಸರು. ನನ್ನ ಕೈ ನಿಂತಿತು.

ಪರದೆಯ ಮೇಲೆ ಒಬ್ಬಳು ನಿಂತಿದ್ದಳು. ಅಗಲ ಭುಜ, ದಪ್ಪ ತೋಳು, ದಪ್ಪ ತೊಡೆ, ಹೊಟ್ಟೆಗೂ ಎದೆಗೂ ನಡುವೆ ಸೊಂಟ ಎಲ್ಲಿದೆಯೋ ಹುಡುಕಬೇಕು. ಮೊಣಕಾಲಿಗಿಂತ ಮೇಲಿರುವ ಚಡ್ಡಿ. ಸಾವಿರಾರು ಜನ ನೋಡುತ್ತಿದ್ದರು. ಅವಳು ಬಟ್ಟೆ ಎಳೆದುಕೊಳ್ಳಲಿಲ್ಲ, ಕೈ ಕಟ್ಟಿ ಹೊಟ್ಟೆ ಮುಚ್ಚಿಕೊಳ್ಳಲಿಲ್ಲ. ಸೊಂಟದ ಮೇಲೆ ಕೈಯಿಟ್ಟು ಉಸಿರು ಬಿಡುತ್ತಿದ್ದಳು.

"ಇವ್ರನ್ನ ಯಾಕೆ ತಗೊಂಡ್ರು ಟೀಮಿಗೆ?" ಅಂತ ಕೇಳಿದೆ.

ಹುಡುಗಿ ನಕ್ಕಳು. "ಇವ್ರಿಲ್ದೆ ಟೀಮೇ ಇಲ್ಲ ಸಿಸ್ಟರ್. ಇವ್ರು ಪ್ರಾಪ್. ಮುಂದಿನ ಸಾಲು."

ಆಮೇಲೆ ವಿವರಿಸಿದಳು. ಆಟ ನಿಂತು ಮತ್ತೆ ಶುರುವಾಗುವಾಗ ಎರಡೂ ಕಡೆಯಿಂದ ಎಂಟೆಂಟು ಜನ ಬಗ್ಗಿ, ಭುಜಕ್ಕೆ ಭುಜ ಕೊಟ್ಟು, ಎದುರಿನವರನ್ನು ತಳ್ಳುತ್ತಾರೆ. ಅದಕ್ಕೆ ಸ್ಕ್ರಮ್ ಅನ್ನುತ್ತಾರೆ. ಚೆಂಡು ಮಧ್ಯದಲ್ಲಿ ಬಂದು ಬೀಳುತ್ತದೆ. ಮುಂದಿನ ಸಾಲಿನಲ್ಲಿ ಮೂವರು, ಟೀಮಿನ ಅತ್ಯಂತ ಗಟ್ಟಿ ಆಳುಗಳು. ಹಿಂದಿನವರ ಬಲವೆಲ್ಲಾ ಇವರ ಮೈ ಮೂಲಕವೇ ಹೋಗಬೇಕು. ಇವರು ಜಾರಿದರೆ ಎಲ್ಲರೂ ಬೀಳುತ್ತಾರೆ.

ಆ ಕೆಂಪು ಬಟ್ಟೆಯವರು ಕೆನಡಾದವರು. ನಾನು ಕೆನಡಾ ಕಡೆಯಾದದ್ದು ಹೀಗೆ. ಮೊದಲು ಕಣ್ಣಿಗೆ ಬಿದ್ದವರು ಅವರು, ಅಷ್ಟೇ ಕಾರಣ. ಆಮೇಲೆ ಹುಡುಗಿ ಇನ್ನೊಂದು ವಿಷಯ ಹೇಳಿದಳು. ವಿಶ್ವಕಪ್ಪಿಗೆ ತಯಾರಾಗಲು ದುಡ್ಡು ಸಾಲದೆ ಅವರು ಜನರ ಹತ್ತಿರ ಚಂದಾ ಎತ್ತುತ್ತಿದ್ದಾರಂತೆ, ನಮ್ಮ ಬೀದಿಯಲ್ಲಿ ಗಣೇಶನಿಗೆ ಎತ್ತುವ ಹಾಗೆ. ಅದನ್ನು ಕೇಳಿದ ಮೇಲೆ ನನ್ನ ಪಕ್ಷ ಇನ್ನಷ್ಟು ಗಟ್ಟಿಯಾಯಿತು.

ಜುಲೈನಲ್ಲಿ ಒಂದು ಭಾನುವಾರ ಹುಡುಗಿ ನನ್ನನ್ನು ಯಲಹಂಕದ ಕಡೆ ಅವರು ಅಭ್ಯಾಸ ಮಾಡುವ ಮೈದಾನಕ್ಕೆ ಕರೆದಳು. ಅವಳಿಗೆ ಇನ್ನೂ ಆಡುವ ಹಾಗಿರಲಿಲ್ಲ. ನೋಡಲು ಅಂತ ಹೋಗಿದ್ದೆ, ಚೂಡಿದಾರ್ ಹಾಕಿಕೊಂಡು, ಆಸ್ಪತ್ರೆಯ ಬಿಳಿ ಶೂನಲ್ಲಿ. ಒಬ್ಬಳು ಬಂದಿರಲಿಲ್ಲ, ಗುದ್ದುವ ಅಭ್ಯಾಸಕ್ಕೆ ದಪ್ಪ ದಿಂಬಿನಂಥದ್ದನ್ನು ಹಿಡಿದು ನಿಲ್ಲಲು ಜನ ಬೇಕಿತ್ತು. ಕೋಚ್ ನನ್ನ ಕಡೆ ನೋಡಿದರು. "ಮೇಡಂ, ಸ್ವಲ್ಪ ಹಿಡ್ಕೋತೀರಾ?" ಅಂದರು, ಬಹಳ ಮರ್ಯಾದೆಯಿಂದ.

ಹಿಡಿದುಕೊಂಡೆ. ಮೊದಲ ಹುಡುಗಿ ಓಡಿ ಬಂದು ಭುಜದಲ್ಲಿ ಗುದ್ದಿದಳು, ಗೋಡೆಗೆ ತಾಗಿದ ಚೆಂಡಿನ ಹಾಗೆ ಹಿಂದಕ್ಕೆ ಹೋದಳು. ಎರಡನೆಯವಳೂ ಅಷ್ಟೇ. ಆಮೇಲೆ ಮೂವರು ಒಟ್ಟಿಗೆ ಬಗ್ಗಿ ತಳ್ಳಿದರು. ನನ್ನ ಕಾಲಡಿ ಮಣ್ಣು ಜರುಗಿತು.

"ಕಾಲು ಹಿಂದಕ್ಕಿಡಿ ಆಂಟಿ!" ಅಂತ ನನ್ನ ಪೇಷಂಟ್ ಹುಡುಗಿ ಪಕ್ಕದಲ್ಲಿ ನಿಂತು ಕೂಗಿದಳು. "ಭಾರ ಹಾಕಿ! ಪೂರ್ತಿ ಭಾರ ಹಾಕಿ!"

ನನ್ನ ಜೀವಮಾನದಲ್ಲಿ ಯಾರೂ ನನಗೆ ಆ ಮಾತು ಹೇಳಿರಲಿಲ್ಲ. ಮುರಿಯುತ್ತೆ, ಮೆಲ್ಲಗೆ ಕೂತ್ಕೋ, ಆ ಕುರ್ಚಿ ಬೇಡ, ಹಿಂದಿನ ಸೀಟಿಗೆ ಹೋಗು, ಇವನ್ನೇ ಕೇಳಿ ಬೆಳೆದವಳು. ಮಂಚದ ಮೇಲೆ ಕೂರುವಾಗಲೂ ಅರ್ಧ ಭಾರ ಕಾಲಿನ ಮೇಲೆ ಇಟ್ಟುಕೊಳ್ಳುವುದು ನನಗೆ ಅಭ್ಯಾಸವಾಗಿತ್ತು. ಅವತ್ತು ಇದ್ದದ್ದೆಲ್ಲಾ ಹಾಕಿದೆ. ಮೂವರೂ ಹಿಂದಕ್ಕೆ ಸರಿದು, ಒಬ್ಬರ ಮೇಲೊಬ್ಬರು ಕೂತು ನಗತೊಡಗಿದರು. ನಾನೂ ನಕ್ಕೆ. ಆಮೇಲೆ ಅಳು ಬಂತು. ಕಣ್ಣಿಗೆ ಮಣ್ಣು ಬಿತ್ತು ಅಂದೆ.

ಅಂದಿನಿಂದ ರಜೆಯಿದ್ದ ಭಾನುವಾರವೆಲ್ಲಾ ಹೋಗಿ ದಿಂಬು ಹಿಡಿಯುತ್ತಿದ್ದೆ. ವಿಶ್ವಕಪ್ ಶುರುವಾದಾಗ ಮಗ ಫೋನಿನಲ್ಲಿ ಹೇಗೆ ನೋಡಬೇಕು ಅಂತ ಹೇಳಿಕೊಟ್ಟ. ಸೆಮಿಫೈನಲ್ಲಿನಲ್ಲಿ ಕೆನಡಾ ಸೋಲಿಸಿದ್ದು ನ್ಯೂಜಿಲೆಂಡನ್ನು, ಎಲ್ಲರಿಗಿಂತ ಹೆಚ್ಚು ಸಲ ಕಪ್ ಗೆದ್ದವರನ್ನು. ಅದನ್ನು ಮಾರನೆಯ ದಿನ ಡ್ಯೂಟಿಯ ನಡುವೆ ತುಂಡುತುಂಡಾಗಿ ನೋಡಿದೆ. ಎದುರಿನವರನ್ನು ತಳ್ಳಿಕೊಂಡು ಹೋಗುವ ಜಾಗ ಬಂದಾಗ ಔಷಧಿ ಕೋಣೆಯಲ್ಲಿ ಒಬ್ಬಳೇ "ಹಾಂ, ಹಾಂ" ಅನ್ನುತ್ತಿದ್ದೆ. ಫಾರ್ಮಸಿಯವರು ಬಾಗಿಲು ತಟ್ಟಿ ಏನಾಯಿತು ಅಂತ ಕೇಳಿದರು.

ಹಾಗಾಗಿ ಅತ್ತಿಗೆಯ ಫೋನ್ ಬಂದ ಆ ಶುಕ್ರವಾರ ಸಂಜೆ ಹೆಬ್ಬಾಳದಲ್ಲಿ ಬಸ್ ಹತ್ತಿ ನಿಂತಾಗ ನನ್ನ ತಲೆಯಲ್ಲಿ ಎರಡು ವಿಷಯ ಒಟ್ಟಿಗೆ ಕುದಿಯುತ್ತಿದ್ದವು. ಫ್ಲೈಓವರ್ ಮೇಲೆ ಗಾಡಿಗಳು ಹಂದಾಡುತ್ತಿರಲಿಲ್ಲ. ಆರ್.ಟಿ. ನಗರದ ಹುಡುಗಿ ವಾಯ್ಸ್ ಮೆಸೇಜ್ ಕಳಿಸಿದ್ದಳು: "ಆಂಟಿ, ಇಂಗ್ಲೆಂಡೇ ಗೆಲ್ಲೋದು. ಬೇಜಾರ್ ಮಾಡ್ಕೋಬೇಡಿ. ಹಿಂದಿನ ಫೈನಲ್ ಆದ್ಮೇಲೆ ಅವ್ರು ಒಂದೂ ಮ್ಯಾಚ್ ಸೋತಿಲ್ಲ."

ನನಗೆ ಅದು ಗೊತ್ತಿತ್ತು. ಆಟ ಇಂಗ್ಲೆಂಡಿನಲ್ಲೇ, ಮೈದಾನ ತುಂಬಾ ಅವರದ್ದೇ ಜನ. ದುಡ್ಡು ಅವರದ್ದು, ಅಭ್ಯಾಸ ಅವರದ್ದು. ಎಲ್ಲರೂ ಒಂದೇ ಮಾತು ಹೇಳುತ್ತಿದ್ದರು. ಅದಕ್ಕೇ ನನಗೆ ಸಿಟ್ಟು ಬರುತ್ತಿತ್ತು. ಸೋಲುತ್ತಾರೆ ಅಂತ ಲೋಕಕ್ಕೆಲ್ಲಾ ಗೊತ್ತಿದ್ದರೆ ಗೊತ್ತಿರಲಿ. ಕೆನಡಾದ ಹೆಂಗಸರು ನಾಳೆ ಆಟ ಶುರುವಾಗುವ ಹೊತ್ತಿಗೆ ಬಂದು ಮೈದಾನದ ನಡುವೆ ನಿಲ್ಲುತ್ತಾರೆ. ಎಲ್ಲಾ ಮುಗಿದ ಮೇಲೆ ಊಟಕ್ಕೆ ಬರುವುದಿಲ್ಲ.

ಬ್ಯಾಟರಾಯನಪುರ ದಾಟುವಾಗ ಅಣ್ಣನ ಮನೆಯ ಕಡೆಯ ತಿರುವು ಕಾಣಿಸಿತು. ನಾಲ್ಕಕ್ಕೇ ಹೋಗುವುದು ಅಂತ ಅಲ್ಲೇ ತೀರ್ಮಾನ ಮಾಡಿದೆ.

ರಾತ್ರಿ ಊಟದಲ್ಲಿ ಯಜಮಾನರಿಗೆ ಹೇಳಿದೆ.

"ಬಿಡೇ, ಎಂಟಕ್ಕೇ ಹೋಗೋಣ. ಅವ್ರ ಮಗಳ ವಿಷ್ಯ. ಸುಮ್ನೆ ಜಗಳ ಯಾಕೆ?" ಅಂದರು.

"ನೀವು ಎಂಟಕ್ಕೆ ಬನ್ನಿ. ನಾನು ನಾಲ್ಕಕ್ಕೆ ಹೋಗ್ತೀನಿ."

ಅವರು ತಟ್ಟೆ ಎತ್ತಿಕೊಂಡು ಎದ್ದರು. ಶನಿವಾರ ಮಧ್ಯಾಹ್ನ ನೋಡಿದರೆ ಅರ್ಧ ದಿನ ರಜಾ ಹಾಕಿ ಬಂದಿದ್ದರು. ನಾನು ಜರಿ ಅಂಚಿನ ಕೆಂಪು ರೇಷ್ಮೆ ಸೀರೆ ಉಟ್ಟಿದ್ದೆ. ದಪ್ಪ ಕಾಣಿಸುತ್ತೆ ಅಂತ ಅಮ್ಮ ಯಾವತ್ತೂ ಕೆಂಪು ಉಡಲು ಬಿಡುತ್ತಿರಲಿಲ್ಲ. ಕಪ್ಪು, ಕಡುನೀಲಿ, ಇವೇ ನನ್ನ ಬಣ್ಣಗಳಾಗಿದ್ದವು. ಯಜಮಾನರು ನನ್ನನ್ನು ನೋಡಿ, ಸ್ಕೂಟರ್ ತಿರುಗಿಸುತ್ತಾ ಬಾಯಿ ತೆರೆದರು.

"ಇವತ್ತು ಟೈರಿನ ಮಾತು ಬೇಡ" ಅಂದೆ.

"ಹೇಳಿಲ್ವಲ್ಲ."

"ಹೇಳೋರಿದ್ರಿ."

"ಸರಿ, ಹತ್ತು" ಅಂದರು.

ಬಾಗಿಲು ತೆರೆದ ಅಣ್ಣ ನನ್ನನ್ನು ನೋಡಿ ಒಂದು ಕ್ಷಣ ನೆಲ ನೋಡಿದ. "ಬಾ, ಬಾ" ಅಂದ. ಅವನಿಗೂ ಗೊತ್ತಿತ್ತು ಅಂತ ಆಗ ಗೊತ್ತಾಯಿತು. ಅತ್ತಿಗೆ ಅಡುಗೆಮನೆಯಲ್ಲಿ ಬಜ್ಜಿಗೆ ಈರುಳ್ಳಿ ಹೆಚ್ಚುತ್ತಿದ್ದರು.

"ಬಂದ್ಯಾ?"

"ಬಂದೆ ಅತ್ತಿಗೆ. ರವೆ ಎಲ್ಲಿದೆ?"

ಅವರು ಡಬ್ಬಿ ಎತ್ತಿ ಕಟ್ಟೆ ಮೇಲೆ ಕುಕ್ಕಿದರು. ನಾನು ತುಪ್ಪ ಕಾಯಿಸಿ ರವೆ ಹುರಿದೆ.

ಕೇಸರಿಬಾತ್ ಇಳಿಸಿ ಅಣ್ಣನ ಮಗಳ ಕೋಣೆಗೆ ಹೋದರೆ ಅವಳು ಸೀರೆ ಉಟ್ಟು ಮಂಚದ ತುದಿಯಲ್ಲಿ ಬೆವರುತ್ತಾ ಕೂತಿದ್ದಳು. ನನ್ನದೇ ಮುಖ, ನನ್ನದೇ ಭುಜ. ಓದಿ ಒಂದು ಕಂಪನಿಯಲ್ಲಿ ಅಕೌಂಟ್ಸ್ ನೋಡಿಕೊಳ್ಳುತ್ತಾಳೆ, ಮಾತಿನಲ್ಲಿ ಚುರುಕು.

"ಏನಾಯ್ತೇ?"

"ಅತ್ತೆ, ಉಸಿರಾಡಕ್ಕಾಗ್ತಿಲ್ಲ. ಅಮ್ಮ ಒಳಗಡೆ ಏನೋ ಹಾಕ್ಸಿದ್ದಾರೆ. ಹೊಟ್ಟೆ ಸಣ್ಣ ಕಾಣಕ್ಕಂತೆ."

ಮುಟ್ಟಿ ನೋಡಿದೆ. ಮುರಿದ ಪಕ್ಕೆಲುಬಿಗೆ ಕಟ್ಟುವ ಪಟ್ಟಿಗಿಂತ ಬಿಗಿಯಾಗಿತ್ತು.

"ಬಿಚ್ಚು."

"ಅಮ್ಮ ಬೈತಾರೆ."

"ಬೈಲಿ. ನೀನು ಉಸಿರಾಡು."

ಬಿಚ್ಚಿ ಎಸೆದಳು. ಹೊಟ್ಟೆ ಹೊರಗೆ ಬಂತು, ಬಣ್ಣವೂ ಮುಖಕ್ಕೆ ವಾಪಸು ಬಂತು. ಸೀರೆಯ ನೆರಿಗೆಯನ್ನು ನಾನೇ ಮತ್ತೆ ಹಿಡಿದು ಸಿಕ್ಕಿಸಿದೆ.

ಹಾಲಿಗೆ ಬಂದಾಗ ಅತ್ತಿಗೆ ಕಿಟಕಿಯ ಪಕ್ಕ ಒಂದು ಕುರ್ಚಿ ಹಾಕಿ, ಅದರ ಮುಂದೆ ಹೂದಾನಿಯಿಟ್ಟ ಟೀಪಾಯಿ ಎಳೆಯುತ್ತಿದ್ದರು. ನೋಡಿದ ಕೂಡಲೇ ತಿಳಿಯಿತು. ಅಮ್ಮ ಹೇಳಿಕೊಟ್ಟಿದ್ದಳೋ, ಇವರಿಗೇ ಹೊಳೆದಿತ್ತೋ, ಕೇಳಲಿಲ್ಲ. ಕುರ್ಚಿ ಎತ್ತಿ ಗೋಡೆಗೆ ಸೇರಿಸಿ ಇಟ್ಟೆ.

"ಅವಳು ಒಳಗಿಂದ ನಡ್ಕೊಂಡ್ ಬರ್ತಾಳೆ ಅತ್ತಿಗೆ."

ಅತ್ತಿಗೆಯ ಕಣ್ಣು ತುಂಬಿತು. "ನನ್ ಮಗಳ ಜೀವನ ಕಣೇ ಇದು. ನಿನ್ನ ಹಠ ತೋರ್ಸಕ್ಕೆ ನಿಂಗೆ ಇವತ್ತೇ ಬೇಕಾಯ್ತಾ?"

ಆ ಮಾತು ನಾಟಿತು. ತಾಯಿ ಹೇಳಬಹುದಾದ ಮಾತೇ. ಅವರ ಜಾಗದಲ್ಲಿ ಇಪ್ಪತ್ತು ವರ್ಷ ಹಿಂದೆ ನಿಂತಿದ್ದ ನಮ್ಮಮ್ಮನೂ ಕೆಟ್ಟವಳಲ್ಲ. ಆದರೂ ನಾನು ಕುರ್ಚಿಯ ಮೇಲಿನ ಕೈ ತೆಗೆಯಲಿಲ್ಲ.

"ಹಠಾನೇ ಅನ್ಕೊಳ್ಳಿ. ನೋಡಕ್ಕೆ ಬರೋರು ಪೂರ್ತಿ ನೋಡ್ಲಿ. ಇಷ್ಟ ಆಗ್ಲಿಲ್ಲ ಅಂದ್ರೆ ಹೋಗ್ಲಿ. ಮದ್ವೆ ಆದ್ಮೇಲೆ ಅವಳನ್ನ ಕೂರ್ಸೇ ಇಡಕ್ಕಾಗತ್ತಾ?"

"ಅಮ್ಮ" ಅಂದಳು ಅಣ್ಣನ ಮಗಳು ಕೋಣೆಯ ಬಾಗಿಲಲ್ಲಿ ನಿಂತು. "ನಾನೇ ನಡ್ಕೊಂಡ್ ಬರ್ತೀನಿ ಬಿಡಿ."

ಅತ್ತಿಗೆ ಸೆರಗಿನಲ್ಲಿ ಮುಖ ಒರೆಸಿಕೊಂಡು ಒಳಗೆ ಹೋದರು. ಆಮೇಲೆ ಅವರು ಎಣ್ಣೆಗೆ ಬಜ್ಜಿ ಬಿಟ್ಟ ಸದ್ದು ಮಾತ್ರ ಕೇಳಿಸಿತು.

ಗಂಡಿನ ಕಡೆಯವರು ಐದೂವರೆಗೆ ಬಂದರು. ಹುಡುಗ, ಅವನ ತಂದೆ ತಾಯಿ, ಚಿಕ್ಕಮ್ಮ. ಅತ್ತಿಗೆ ಹೇಳಿದ್ದು ನಿಜ, ನಾಲ್ವರೂ ಸಣ್ಣಗಿದ್ದರು. ನಾನು ದೊಡ್ಡ ಸೋಫಾದ ನಡುವೆ ಕೂತಿದ್ದೆ, ಪೂರ್ತಿ ಭಾರ ಹಾಕಿ. ಯಜಮಾನರು ಪಕ್ಕದಲ್ಲಿ ಸಿಕ್ಕಿದಷ್ಟು ಜಾಗದಲ್ಲಿ ಕೂತಿದ್ದರು. ಅಣ್ಣನ ಮಗಳು ಒಳಗಿನಿಂದ ಕಾಫಿ ತಟ್ಟೆ ಹಿಡಿದು, ಹಾಲಿನ ಆ ತುದಿಯಿಂದ ಈ ತುದಿಯವರೆಗೂ ನಡೆದು ಬಂದಳು. ಒಂದು ಹನಿ ಚೆಲ್ಲಲಿಲ್ಲ.

ಚಿಕ್ಕಮ್ಮ ಅವಳನ್ನು ನೋಡಿ, ನನ್ನನ್ನು ನೋಡಿ, ಮತ್ತೆ ಅವಳನ್ನು ನೋಡಿದರು. "ಸೋದರತ್ತೆ ಹೋಲಿಕೆ ಅಲ್ವಾ?" ಅಂದರು ನಗುತ್ತಾ.

"ಹೌದು" ಅಂದೆ. "ಪೂರ್ತಿ ನನ್ ಥರಾನೇ. ಮುಂದಕ್ಕೂ ಹಿಂಗೇ ಇರ್ತಾಳೆ."

ಅಣ್ಣ ಕೆಮ್ಮಿದ. ಯಜಮಾನರು ಬಜ್ಜಿಗೆ ಕೈ ಹಾಕಿದರು.

ಹುಡುಗನ ತಾಯಿ ದನಿ ತಗ್ಗಿಸಿ, "ಥೈರಾಯ್ಡ್ ಗೀರಾಯ್ಡ್ ಏನಾದ್ರೂ..." ಅಂದರು.

"ಇಲ್ಲ ಕಣ್ರೀ. ನಾನು ಆಸ್ಪತ್ರೇಲೇ ಇರೋದು, ಎಲ್ಲಾ ನೋಡ್ಸಿದ್ದೀವಿ. ನಮ್ ಮೈಕಟ್ಟೇ ಇದು. ಊಟಾನೂ ಚೆನ್ನಾಗಿ ಮಾಡ್ತೀವಿ."

ಹುಡುಗ ಮಾತ್ರ ಕೆಟ್ಟವನ ಹಾಗೆ ಕಾಣಲಿಲ್ಲ. ಎರಡನೇ ಸಲ ಕೇಸರಿಬಾತ್ ಹಾಕಿಸಿಕೊಂಡ. ಇಬ್ಬರೂ ಟೆರೇಸಿಗೆ ಹೋಗಿ ಸ್ವಲ್ಪ ಹೊತ್ತು ಮಾತಾಡಿ ಬಂದರು. ಏಳರ ಹೊತ್ತಿಗೆ ಅವರೆಲ್ಲಾ ಎದ್ದರು. "ಫೋನ್ ಮಾಡ್ತೀವಿ" ಅಂದರು. ಆ ಮಾತಿನ ದನಿ ನನಗೆ ಬಹಳ ಹಳೆಯ ಪರಿಚಯ.

ಬಾಗಿಲು ಹಾಕಿದ ಮೇಲೆ ಅತ್ತಿಗೆ ಅಡುಗೆಮನೆ ಸೇರಿ ಪಾತ್ರೆಗಳನ್ನು ಜೋರಾಗಿ ಜೋಡಿಸತೊಡಗಿದರು. ನಾನು ಹೋಗಿ ಕ್ಷಮೆ ಕೇಳಲಿಲ್ಲ. ಕೇಳುವಂಥದ್ದು ಏನೂ ಮಾಡಿಲ್ಲ ಅಂತ ಅವತ್ತೂ ಅನಿಸಿತು, ಇವತ್ತೂ ಅನಿಸುತ್ತದೆ. ಜೊತೆಗೆ ನಿಂತು ಲೋಟಗಳನ್ನು ತೊಳೆದುಕೊಟ್ಟೆ. ಅವರು ಬೇಡ ಅನ್ನಲಿಲ್ಲ, ನನ್ನ ಕಡೆ ನೋಡಲೂ ಇಲ್ಲ.

ಎಂಟಕ್ಕೆ ಅಣ್ಣನ ಮಗಳು ಸೀರೆ ಬಿಚ್ಚಿ ನೈಟಿಯಲ್ಲಿ ಬಂದು ನನ್ನ ಪಕ್ಕ ಕೂತಳು. "ಅತ್ತೆ, ಇವತ್ತೇ ಅಲ್ವಾ ನಿಮ್ ಮ್ಯಾಚು? ಟಿವಿಗೆ ಹಾಕ್ಲಾ?"

ಹಾಕಿದಳು. ಅಷ್ಟು ದೊಡ್ಡ ಪರದೆಯಲ್ಲಿ ನಾನು ಅವರನ್ನು ನೋಡಿದ್ದು ಅದೇ ಮೊದಲು. ಮೈದಾನ ಇಂಗ್ಲೆಂಡಿನವರ ಬಿಳಿ ಬಟ್ಟೆಯಿಂದ ತುಂಬಿತ್ತು. ಸಾಲಾಗಿ ನಿಂತು ರಾಷ್ಟ್ರಗೀತೆ ಹಾಡುವಾಗ ಕ್ಯಾಮೆರಾ ಕೆನಡಾದ ಒಬ್ಬೊಬ್ಬರ ಮುಖದ ಮುಂದೆ ಹಾದು ಹೋಯಿತು. ಗೆಲ್ಲಲಿ ಅಂತ ದೇವರನ್ನು ಕೇಳಲು ಮನಸ್ಸಾಗಲಿಲ್ಲ. ಯಾರೂ ಜಾರದಿರಲಿ, ಅಷ್ಟು ಸಾಕು ಅಂದುಕೊಂಡೆ. ಆಮೇಲೆ ನನಗೇ ಕೋಪ ಬಂತು. ಅಷ್ಟಕ್ಕೇ ಯಾಕೆ ಸಾಕು ಅನ್ನಬೇಕು? ಗೆಲ್ಲಲಿ. ಗೆದ್ದೇ ಬರಲಿ.

ಶುರುವಾಗಿ ಸ್ವಲ್ಪ ಹೊತ್ತಿಗೇ ಕೆನಡಾದವಳೊಬ್ಬಳು ಗೆರೆ ದಾಟಿ ಚೆಂಡು ನೆಲಕ್ಕೆ ಮುಟ್ಟಿಸಿ ಮೊದಲ ಅಂಕ ತಂದಳು. ನಾನು ಎಷ್ಟು ಜೋರಾಗಿ ಎದ್ದೆನೆಂದರೆ ಸೋಫಾ ಹಿಂದಕ್ಕೆ ಸರಿದು ಯಜಮಾನರ ಕೈಯ ನೀರು ಚೆಲ್ಲಿತು. "ಏನಾಯ್ತು, ಏನಾಯ್ತು?" ಅಂತ ಅತ್ತಿಗೆ ಓಡಿ ಬಂದರು. ನಾನು ಹೇಳಿ ಮುಗಿಸುವಷ್ಟರಲ್ಲಿ ಸ್ಕ್ರಮ್ ಶುರುವಾಯಿತು. ಹದಿನಾರು ಹೆಂಗಸರು ಬಗ್ಗಿ ಭುಜ ಕೊಟ್ಟರು. ಅತ್ತಿಗೆ ತಟ್ಟೆ ಹಿಡಿದು ನಿಂತೇಬಿಟ್ಟರು.

"ಇವ್ರೂ ಹೆಂಗಸ್ರೇನಾ?"

"ಹೂಂ ಅತ್ತಿಗೆ."

"ಮುಂದೆ ಇರೋ ಅವಳು... ನಿನ್ ಥರಾನೇ ಇದಾಳಲ್ಲ."

"ಹೂಂ."

ಅವರು ಇನ್ನೂ ಸ್ವಲ್ಪ ಹೊತ್ತು ನೋಡಿದರು. "ಮದ್ವೆ ಆಗಿದ್ಯಾ ಇವ್ರಿಗೆಲ್ಲಾ?"

"ಅಮ್ಮಾ!" ಅಂದಳು ಮಗಳು, ಹೊಟ್ಟೆ ಹಿಡಿದುಕೊಂಡು ನಕ್ಕಳು. ಅತ್ತಿಗೆ ನಗಲಿಲ್ಲ. ಆದರೆ ಕುರ್ಚಿಯ ತುದಿಯಲ್ಲಿ ಕೂತರು, ತಟ್ಟೆ ಮಡಿಲಲ್ಲೇ ಇತ್ತು.

ಕೆನಡಾ ಸೋತಿತು. ಅಷ್ಟಿಷ್ಟಲ್ಲ, ಚೆನ್ನಾಗಿಯೇ ಸೋತಿತು. ಇಂಗ್ಲೆಂಡಿನವರೂ ನನ್ನಂಥವರನ್ನೇ ಮುಂದಿನ ಸಾಲಿನಲ್ಲಿ ನಿಲ್ಲಿಸಿದ್ದರು, ಅವರು ಇನ್ನೂ ಗಟ್ಟಿ. ಒಂದಾದ ಮೇಲೊಂದು ಅಂಕ ಏರುತ್ತಾ ಹೋಯಿತು. ನಾನು ಕೊನೆಯ ಸೀಟಿ ಊದುವವರೆಗೂ ಎದ್ದು ಹೋಗಲಿಲ್ಲ. ಅಂಕ ಕೈ ಮೀರಿದ ಮೇಲೂ ಆ ಕೆಂಪು ಬಟ್ಟೆಯವರು ಪ್ರತಿ ಸಲ ಬಗ್ಗಿ ಅಷ್ಟೇ ಜೋರಾಗಿ ತಳ್ಳುತ್ತಿದ್ದರು.

"ಸೋತ್ರಲ್ಲ ನಿಮ್ಮೋರು" ಅಂದರು ಅತ್ತಿಗೆ. ಸ್ವಲ್ಪ ಸಂತೋಷವೂ ಇತ್ತು ಅದರಲ್ಲಿ.

"ಸೋತ್ರು. ಮತ್ತೆ ಆಡ್ತಾರೆ."

ಬುಧವಾರ ಗಂಡಿನ ಕಡೆಯವರು ಫೋನ್ ಮಾಡಿ, ಜಾತಕ ಕೂಡಿಬರಲಿಲ್ಲ ಅಂದರು. ಜಾತಕ ನೋಡಿಸಿದ ಮೇಲೆಯೇ ಅವರು ಮನೆಗೆ ಬಂದಿದ್ದು. ಅತ್ತಿಗೆ ಎರಡು ದಿನ ಸರಿಯಾಗಿ ಊಟ ಮಾಡಲಿಲ್ಲ ಅಂತ ಅಣ್ಣ ಹೇಳಿದ. ಅಣ್ಣನ ಮಗಳಿಗೆ ನಾನೇ ಫೋನ್ ಮಾಡಿದೆ. ಅವಳಿಗೆ ನೋವಾಗಿರುತ್ತದೆ ಅಂತ ಹೆದರಿಕೆಯಿತ್ತು. ನೋವಾಗಿತ್ತು. ಸ್ವಲ್ಪ ಅತ್ತಳು. ಆಮೇಲೆ ಮೂಗು ಒರೆಸಿಕೊಂಡು, "ಅತ್ತೆ, ಟೆರೇಸಲ್ಲಿ ಅವ್ರು ಪೂರ್ತಿ ಪಾರ್ಕಿಂಗ್ ಬಗ್ಗೆನೇ ಮಾತಾಡಿದ್ರು. ನಾನೂ ಹೂಂ ಅಂತಿರ್ಲಿಲ್ಲ ಬಿಡಿ" ಅಂದಳು. ಎಷ್ಟು ನಿಜವೋ ಗೊತ್ತಿಲ್ಲ. ನಂಬಿದೆ.

ನನ್ನ ಜೊತೆ ಮೈದಾನಕ್ಕೆ ಒಂದು ಸಲ ಬಂದಳು. ಕೆಸರು, ಬೆವರು, ಬೆಳಗಿನ ನಿದ್ದೆ ಹಾಳು, ನನಗಾಗಲ್ಲ ಅಂದು ಮತ್ತೆ ಬರಲಿಲ್ಲ. ಬರಲೇಬೇಕು ಅಂತ ನನಗೂ ಇಲ್ಲ. ನಾನು ಹೋಗುತ್ತೇನೆ. ಮೊಣಕಾಲು ನೋಯುತ್ತದೆ. ನಮ್ಮ ಡಾಕ್ಟರು ತೂಕ ಇಳಿಸಿದರೆ ಮೊಣಕಾಲಿಗೆ ಒಳ್ಳೆಯದು ಅನ್ನುತ್ತಾರೆ. ಮೊಣಕಾಲಿಗೆ ಅಂದರೆ ಯೋಚನೆ ಮಾಡುತ್ತೇನೆ. ನೋಡಲು ಬರುವವರಿಗೆ ಅಂದರೆ ಒಂದು ತುತ್ತೂ ಬಿಡುವುದಿಲ್ಲ.

ಅಣ್ಣನ ಮಗಳು ಈಗ ಮನೆಗೆ ಯಾರೂ ನೋಡಲು ಬರುವುದು ಬೇಡ, ನಾನೇ ಹೊರಗೆ ಭೇಟಿ ಮಾಡುತ್ತೇನೆ ಅಂತ ಹೇಳಿಬಿಟ್ಟಿದ್ದಾಳೆ. ಒಬ್ಬನನ್ನು ಗೊರಗುಂಟೆಪಾಳ್ಯದ ಹತ್ತಿರದ ಹೋಟೆಲಿನಲ್ಲಿ ನೋಡಿ, ಮಸಾಲೆದೋಸೆ ತಿಂದು, ಇವನು ಬೇಡ ಅಂತ ಬಂದಳು. ಇದೆಲ್ಲಾ ನಾನು ಹೇಳಿಕೊಟ್ಟ ಬುದ್ಧಿ ಅಂತ ಅತ್ತಿಗೆ ನಮ್ಮ ನೆಂಟರ ಮನೆಗಳಲ್ಲೆಲ್ಲಾ ಹೇಳಿಕೊಂಡು ಬರುತ್ತಿದ್ದಾರೆ. ಹೋದ ತಿಂಗಳು ಒಂದು ನಾಮಕರಣದಲ್ಲಿ ಯಾರೋ ಬಂದು ನನ್ನನ್ನೇ ಕೇಳಿದರು, ಹೌದಾ ಅಂತ. ನಾನು ಹೇಳಿಕೊಟ್ಟಿಲ್ಲ, ಅವಳಿಗೇ ಹೊಳೆದದ್ದು. ಆದರೂ ಹೌದು ಅಂದೆ.